ಊಟದ ಹೊತ್ತು ಸರಿಮಾಡಿಕೊಳ್ಳುವುದು ಹೇಗೆ? ಶುಗರ್ ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

"ಸಕ್ಕರೆ ಬಿಟ್ಟು ಎರಡು ವರ್ಷ ಆಯ್ತು. ಅನ್ನನೂ ಅರ್ಧ ಮಾಡಿದೆ. ಆದ್ರೂ ಬೆಳಿಗ್ಗೆ ಶುಗರ್ 180. ಯಾಕೆ?"

ಕುಮಟಾದಲ್ಲಿ ಶುಗರ್ ಇರುವವರ ಡೈರಿ ನೋಡಿ ಊಟದ ಸಲಹೆ ಕೊಡುವ ಕೆಲಸ ನನ್ನದು. ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಡೈರಿ ಬಿಚ್ಚಿದರೆ ಉತ್ತರ ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಮಾತ್ರೆ ಗಡಿಯಾರ ನೋಡಿ, ದಿನಾ ಬೆಳಿಗ್ಗೆ 7ಕ್ಕೆ. ಊಟ ಮಾತ್ರ ಮನೆಯ ಕೆಲಸ ನೋಡಿ. ತಿಂಡಿ ಒಂದು ದಿನ 8ಕ್ಕೆ, ಮರುದಿನ 10ಕ್ಕೆ. ಮಧ್ಯಾಹ್ನ 1ಕ್ಕೋ 3ಕ್ಕೋ. ರಾತ್ರಿ ಧಾರಾವಾಹಿ ಮುಗಿದ ಮೇಲೆ. ಏನು ತಿನ್ನಬೇಕು ಅನ್ನುವುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಯಾವಾಗ ತಿನ್ನಬೇಕು, ಮಾತ್ರೆಗೂ ತುತ್ತಿಗೂ ನಡುವೆ ಎಷ್ಟು ಹೊತ್ತು ಇರಬೇಕು ಅನ್ನುವಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಇಲ್ಲಿ ಬರೆದಿರುವುದು ಅದರ ಬಗ್ಗೆ ಮಾತ್ರ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಟೈಪ್ 1 (ದೇಹ ತಾನಾಗಿ ಇನ್ಸುಲಿನ್ ತಯಾರಿಸದ ಬಗೆಯ ಶುಗರ್) ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಊಟದ ಹೊತ್ತು ಬದಲಿಸುವ ಮುಂಚೆ ತಮ್ಮ ಡಾಕ್ಟರ್ ಹತ್ತಿರ ಮಾತಾಡಲೇಬೇಕು. ಉಳಿದವರು ಕೂಡ ಮಾತ್ರೆಯ ಪ್ರಮಾಣವನ್ನು ತಾವಾಗಿ ಮುಟ್ಟಬೇಡಿ. ಇಲ್ಲಿ ನಾವು ಸರಿಸುವುದು ಹೊತ್ತನ್ನು ಮಾತ್ರ, ಡೋಸನ್ನಲ್ಲ.

## ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ಗ್ಲುಕೋಮೀಟರ್, ಅದರದ್ದೇ ಸ್ಟ್ರಿಪ್, ಒಂದು ನೋಟ್‌ಬುಕ್, ಅಲಾರಾಂ ಇರುವ ಮೊಬೈಲ್. ಅನ್ನ ಅಳೆಯಲು ಒಂದೇ ಸೌಟು, ಯಾವಾಗಲೂ ಅದೇ. ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ ಎರಡು. ಒಂದು ಮನೆಯಲ್ಲಿ, ಒಂದು ಜೇಬಿನಲ್ಲೋ ಚೀಲದಲ್ಲೋ.

ನಮ್ಮ ಕಡೆಯ ಮಳೆಗಾಲದಲ್ಲಿ ಸ್ಟ್ರಿಪ್ ಕೆಡುವುದು ಜಾಸ್ತಿ. ಗಾಳಿಯಲ್ಲೇ ನೀರಿರುತ್ತದೆ ಅಲ್ವಾ. ಡಬ್ಬಿಯ ಮುಚ್ಚಳ ತೆಗೆದಿಟ್ಟು ಬೆರಳು ಚುಚ್ಚಿಕೊಳ್ಳುತ್ತಾ ಕೂತರೆ ಉಳಿದ ಸ್ಟ್ರಿಪ್‌ಗಳಿಗೆ ಶೀತ ಹಿಡಿಯುತ್ತದೆ, ಸಂಖ್ಯೆ ತಪ್ಪು ಬರುತ್ತದೆ. ಒಂದು ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಒತ್ತಿ ಮುಚ್ಚಿ. ಕಾಗದದಲ್ಲಿ ಸುತ್ತಿ ಬೇರೆ ಕಡೆ ಇಡಬೇಡಿ. ಫ್ರಿಜ್ಜಿನಲ್ಲೂ ಬೇಡ.

ಕೈ ತೊಳೆಯುವ ವಿಷಯ ಚಿಕ್ಕದಲ್ಲ. ಕಳೆದ ಮೇ ತಿಂಗಳಲ್ಲಿ ಒಬ್ಬರು 310 ಬಂತು ಅಂತ ಗಾಬರಿಯಲ್ಲಿ ಓಡಿ ಬಂದಿದ್ದರು. ಮನೆಯಲ್ಲಿ ಹಲಸಿನ ಹಣ್ಣು ಬಿಡಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಬೆರಳು ಚುಚ್ಚಿದ್ದರು. ಸೋಪು ಹಾಕಿ ತೊಳೆಸಿ, ಒರೆಸಿ, ಮತ್ತೆ ನೋಡಿದಾಗ 164. ಬೆರಳಿಗೆ ಅಂಟಿದ ಹಣ್ಣಿನ ರಸವೇ ಮೀಟರಿಗೆ ಸಕ್ಕರೆ. ಮಾವಿನಹಣ್ಣಿನ ಕಾಲದಲ್ಲೂ ಇದೇ ಕಥೆ. ತೊಳೆದು, ಪೂರ್ತಿ ಒಣಗಿಸಿ, ಬೆರಳ ತುದಿಗಲ್ಲದೆ ಪಕ್ಕಕ್ಕೆ ಚುಚ್ಚಿ. ನೋವೂ ಕಮ್ಮಿ.

## ಹಂತ 1: ಮೂರು ದಿನ ಏನನ್ನೂ ಬದಲಿಸದೆ ಬರೆಯಿರಿ

ಸುಮ್ನೆ ಬರೆಯಿರಿ. ಒಳ್ಳೆಯವರಾಗಲು ಹೋಗಬೇಡಿ. ಎದ್ದದ್ದು, ಚಾ ಕುಡಿದದ್ದು, ಮಾತ್ರೆ ನುಂಗಿದ್ದು, ಮೊದಲ ತುತ್ತು ಬಾಯಿಗಿಟ್ಟದ್ದು, ಕವಳ (ಎಲೆ-ಅಡಿಕೆ) ಹಾಕಿದ್ದು, ಮಲಗಿದ್ದು. ಪ್ರತಿಯೊಂದರ ಎದುರು ಗಂಟೆ.

ತದಡಿ ಬಂದರಿನ ಒಬ್ಬ ಮೀನುಗಾರರ ಡೈರಿ ನನ್ನ ಕಣ್ಣ ಮುಂದೆಯೇ ಇದೆ. ಪುಟಕ್ಕೆ ಬಂಗಡೆಯ ಹುರುಪೆ ಅಂಟಿಕೊಂಡಿತ್ತು. ಮೊದಲ ದಿನದ ಸಾಲುಗಳು ಹೀಗಿದ್ದವು: "3.30 ಎದ್ದೆ, ಮಾತ್ರೆ. 3.45 ಕರಿ ಚಾ. 4 ದೋಣಿ. 6.30 ಕೈ ನಡುಗಿತು, ಬೀಡಿ ಸೇದಿದೆ. 9.15 ಗಂಜಿ." ಆ ಕೈನಡುಕವನ್ನು ಅವರು ಸುಸ್ತು ಅಂದುಕೊಂಡಿದ್ದರು. ಅದು ಸುಸ್ತಲ್ಲ. ಮಾತ್ರೆಗೂ ಮೊದಲ ತುತ್ತಿಗೂ ಸುಮಾರು ಆರು ಗಂಟೆ ಅಂತರ. ನಡುವೆ ಬಲೆ ಎಳೆಯುವ ಕೆಲಸ. ಶುಗರ್ ಕೆಳಗೆ ಬಿದ್ದಿತ್ತು. ಆಮೇಲೆ ಹಸಿವು ತಡೆಯಲಾರದೆ ಮೂರು ಬಟ್ಟಲು ಗಂಜಿ ಉಂಡಿದ್ದಕ್ಕೆ 11 ಗಂಟೆಗೆ 260ಕ್ಕೆ ಏರಿತ್ತು. ಆ ಏರಿಕೆ ಮಾತ್ರ ಕಣ್ಣಿಗೆ ಬಿದ್ದಿದ್ದರಿಂದ ಮಾತ್ರೆ ಸಾಲುತ್ತಿಲ್ಲ ಅಂತ ಅವರು ನಂಬಿದ್ದರು.

ಮೂರು ದಿನ ಆದ ಮೇಲೆ ಕೆಂಪು ಪೆನ್ನಿನಲ್ಲಿ ಎರಡು ಅಂತರ ಬರೆಯಿರಿ: ಮಾತ್ರೆಯಿಂದ ಮೊದಲ ತುತ್ತಿಗೆ ಎಷ್ಟು ಹೊತ್ತು, ರಾತ್ರಿ ಊಟದಿಂದ ಹಾಸಿಗೆಗೆ ಎಷ್ಟು ಹೊತ್ತು. ಹೆಚ್ಚಿನವರ ತೊಂದರೆ ಈ ಎರಡರಲ್ಲೇ ಸಿಗುತ್ತದೆ.

ಎಡವುವ ಜಾಗ: ಬರೆಯುವುದು ಶುರುವಾದ ದಿನವೇ ಅನ್ನ ಬಿಡುವುದು, ಬೆಳಿಗ್ಗೆ ವಾಕಿಂಗ್ ಶುರು ಮಾಡುವುದು. ಹಾಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

## ಹಂತ 2: ಮಾತ್ರೆ, ಇನ್ಸುಲಿನ್‌ಗಳನ್ನು ಊಟಕ್ಕೆ ಕಟ್ಟಿ

ಈ ಹಂತ ಬಿಟ್ಟು ಮುಂದೆ ಹೋಗಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮಾತ್ರೆಯ ಹಾಳೆ ತಿರುಗಿಸಿ. ದೊಡ್ಡ ಅಕ್ಷರದ ಹೆಸರು ಕಂಪನಿಯದ್ದು. ಸಣ್ಣ ಅಕ್ಷರದಲ್ಲಿ ಇರುವುದು ಔಷಧಿಯ ಹೆಸರು. ಅದು ನಮಗೆ ಬೇಕು. ಕಣ್ಣು ಕಾಣದಿದ್ದರೆ ಮೆಡಿಕಲ್ ಅಂಗಡಿಯವರ ಹತ್ತಿರ ಓದಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿಕೊಳ್ಳಿ.

ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್. ಈ ಗುಂಪಿನ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಹಿಂಡಿ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬಿಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ಇವನ್ನು ನುಂಗಿ ಊಟ ತಪ್ಪಿಸಿದರೆ ಶುಗರ್ ಬೀಳುತ್ತದೆ. ಆದ್ದರಿಂದ ತಟ್ಟೆ ಎದುರಿಗೆ ಬಂದ ಮೇಲೆಯೇ ಮಾತ್ರೆ. ದೋಸೆ ಕಾವಲಿಯ ಮೇಲಿದೆ ಅಂದರೂ ಸಾಲದು, ತಟ್ಟೆಗೆ ಬರಬೇಕು. ಹೆಸರಿನ ಕೊನೆಗೆ ಎಂ1, ಎಂ2 ಅಂತ ಇರುವ ಎಷ್ಟೋ ಜೋಡಿ ಮಾತ್ರೆಗಳಲ್ಲಿ ಗ್ಲಿಮಿಪಿರೈಡ್ ಸೇರಿರುತ್ತದೆ. "ನಾನು ಮೆಟ್‌ಫಾರ್ಮಿನ್ ಮಾತ್ರ ತಗೊಳ್ಳೋದು" ಅನ್ನುವವರು ಕೂಡ ಒಮ್ಮೆ ಹಾಳೆ ತಿರುಗಿಸಿ ನೋಡಿ.

ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ತೀರಾ ಬೀಳುವ ಭಯ ಕಮ್ಮಿ. ಆದರೆ ಬರಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ತೊಳಸುತ್ತದೆ, ಭೇದಿ ಆಗುತ್ತದೆ. ಊಟದ ಜೊತೆ ಅಥವಾ ಊಟ ಆದ ಕೂಡಲೇ ತಗೊಳ್ಳಿ.

ವೋಗ್ಲಿಬೋಸ್, ಅಕಾರ್ಬೋಸ್ ಗಂಜಿ-ಅನ್ನದ ಪಿಷ್ಟ ಒಡೆಯುವುದನ್ನು ನಿಧಾನ ಮಾಡುವ ಮಾತ್ರೆಗಳು. ಊಟ ಶುರುವಾಗುವಾಗ, ಮೊದಲ ತುತ್ತಿನ ಹೊತ್ತಿಗೇ ಹೋಗಬೇಕು. ಊಟ ಮುಗಿಸಿ ಕೈ ತೊಳೆದು ತಗೊಂಡರೆ ಉಪಯೋಗ ಇಲ್ಲ. ಈ ತಪ್ಪನ್ನು ನಾನು ಬಹಳ ನೋಡಿದ್ದೇನೆ.

ಡಪಾಗ್ಲಿಫ್ಲೋಜಿನ್ ತರಹದವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಊಟದ ಗಂಟೆಗೆ ಇವು ಅಷ್ಟು ಅಂಟಿಕೊಂಡಿಲ್ಲ. ಆದರೆ ನೀರು ಕುಡಿಯದ ಉಪವಾಸದ ದಿನ, ವಾಂತಿ-ಭೇದಿಯ ದಿನ ಇವು ಅಪಾಯ. ಆವತ್ತು ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಇನ್ಸುಲಿನ್ ವಿಷಯಕ್ಕೆ ಬಂದರೆ ಬಾಟಲಿ ಬಾಟಲಿಗೂ ಬೇರೆ ಲೆಕ್ಕ. ಹಳೆಯ ಮಾದರಿಯ ರೆಗ್ಯುಲರ್ ಮತ್ತು 30/70 ಮಿಕ್ಸ್ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಹೊಸ ಮಾದರಿಯ ಲಿಸ್‌ಪ್ರೊ, ಆಸ್ಪಾರ್ಟ್ ಊಟಕ್ಕೆ ತುಸು ಮುಂಚೆ, 15 ನಿಮಿಷದ ಒಳಗೆ. ಗ್ಲಾರ್ಜಿನ್ ಊಟಕ್ಕೆ ಸೇರಿದ್ದಲ್ಲ, ದಿನಾ ಒಂದೇ ಗಂಟೆಗೆ. ನಿಮ್ಮದು ಯಾವುದು, ಎಷ್ಟು ನಿಮಿಷ ಅಂತ ಡಾಕ್ಟರ್ ಬಾಯಿಂದ ಕೇಳಿ, ಬಾಟಲಿಗೋ ಪೆನ್ನಿಗೋ ಚೀಟಿ ಅಂಟಿಸಿ. ಅರ್ಧ ಗಂಟೆ ಮುಂಚೆ ಚುಚ್ಚುವವರು ಅನ್ನ ಬೆಂದಿದೆ ಅಂತ ಕಣ್ಣಾರೆ ನೋಡಿದ ಮೇಲೆ ಚುಚ್ಚಿ. ಗ್ಯಾಸ್ ಮುಗಿಯಬಹುದು, ನೆಂಟರು ಬರಬಹುದು.

ಎಡವುವ ಜಾಗ: ಬೆಳಿಗ್ಗೆ ಮಾತ್ರೆ ಮರೆತು ರಾತ್ರಿ ಎರಡು ನುಂಗುವುದು. ಮರೆತದ್ದು ಮರೆತು ಹೋಯಿತು. ಜೋಡಿಸಬೇಡಿ.

## ಹಂತ 3: ಬೆಳಗಿನ ಚಾ ಮತ್ತು ತಿಂಡಿ

ನಮ್ಮಲ್ಲಿ 6ಕ್ಕೆ ಚಾ, ಅದರ ಜೊತೆ ಎರಡು ಬಿಸ್ಕೀಟು ಅಥವಾ ಟೋಸ್ಟು. 8ಕ್ಕೆ ಮತ್ತೊಂದು ಚಾ. ತಿಂಡಿ 10ಕ್ಕೆ. ಅಂದರೆ ತಿಂಡಿಗೆ ಕೂರುವ ಮುಂಚೆಯೇ ಶುಗರ್ ಎರಡು ಸಲ ಏರಿರುತ್ತದೆ. ಎರಡು ಚಮಚ ಸಕ್ಕರೆಯ ಒಂದು ಲೋಟ ಚಾ ಅಂದರೆ ಸುಮಾರು 10 ಗ್ರಾಂ ಸಕ್ಕರೆ, ಅದೂ ಬರಿ ಹೊಟ್ಟೆಗೆ.

ಮಾಡಬೇಕಾದ್ದು ಇಷ್ಟು. ಬೆಳಗಿನ ಚಾ ಸಕ್ಕರೆ ಇಲ್ಲದೆ, ಬಿಸ್ಕೀಟು ಇಲ್ಲದೆ. ಚಾ ಬಿಡಲಾರದವರಿಗೆ ಕೊತ್ತಂಬರಿ-ಜೀರಿಗೆ ಕಷಾಯ ಒಳ್ಳೆಯದು, ಬೆಲ್ಲ ಹಾಕದಿದ್ದರೆ ಮಾತ್ರ. ತಿಂಡಿ ಎದ್ದು ಒಂದೂವರೆ-ಎರಡು ಗಂಟೆಯ ಒಳಗೆ, ದಿನಾ ಹೆಚ್ಚುಕಮ್ಮಿ ಅದೇ ಗಂಟೆಗೆ. ಅರ್ಧ ಗಂಟೆ ಆಚೀಚೆ ಆದರೆ ಪರವಾಗಿಲ್ಲ.

ತಿಂಡಿ ಬಿಟ್ಟರೆ ಶುಗರ್ ಇಳಿಯುತ್ತದೆ ಅಂತ ಅಂದುಕೊಂಡವರು ತುಂಬಾ ಜನ. ಟೈಪ್ 2 ಇರುವವರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಕಂಡದ್ದು ಬೇರೆ: ತಿಂಡಿ ಬಿಟ್ಟ ದಿನ ಅದೇ ಮಧ್ಯಾಹ್ನದ ಊಟಕ್ಕೆ ಶುಗರ್ ಇನ್ನೂ ಮೇಲೆ ಏರುತ್ತದೆ. ಬೆಳಗಿನ ಊಟ ಮಧ್ಯಾಹ್ನದ ಊಟಕ್ಕೆ ದೇಹವನ್ನು ತಯಾರು ಮಾಡುತ್ತದೆ.

ತೆಳ್ಳೇವು (ಅಕ್ಕಿಯ ತೆಳು ದೋಸೆ) ತೆಳ್ಳಗಿದೆ ಅಂತ ಶಿರಸಿ ಕಡೆಯವರು ಲೆಕ್ಕ ಬಿಡುತ್ತಾರೆ. ಆರು ತೆಳ್ಳೇವು ಹಾಕಿಕೊಂಡರೆ ಅದು ಅಕ್ಕಿಯೇ. ಮೂರಕ್ಕೆ ನಿಲ್ಲಿಸಿ, ಜೊತೆಗೆ ಹೆಸರುಕಾಳು ಉಸುಳಿಯೋ ಒಂದು ಮೊಟ್ಟೆಯೋ ಇರಲಿ. ಬನ್ಸ್ ದಿನಾ ಬೇಡ. ಅದು ಬಾಳೆಹಣ್ಣು, ಸಕ್ಕರೆ, ಮೈದಾ, ಎಣ್ಣೆ ನಾಲ್ಕೂ ಒಟ್ಟಿಗೆ.

## ಹಂತ 4: ಮಧ್ಯಾಹ್ನ, ತಟ್ಟೆಯಲ್ಲಿ ಯಾವುದು ಮೊದಲು

ತಿಂಡಿಯಿಂದ ಊಟಕ್ಕೆ ನಾಲ್ಕರಿಂದ ಐದು ಗಂಟೆ ಅಂತರ. ತಿಂಡಿ 8ಕ್ಕೆ ಆದರೆ ಊಟ 12.30ರಿಂದ 1ರ ಒಳಗೆ.

ಇಲ್ಲಿ ಗಂಟೆಯಷ್ಟೇ ಮುಖ್ಯವಾದದ್ದು ತುತ್ತಿನ ಕ್ರಮ. ಪಲ್ಯ, ಮೀನು ಮೊದಲು ತಿಂದು ಅನ್ನ ಕೊನೆಗೆ ಉಂಡರೆ, ಅದೇ ಊಟಕ್ಕೆ ಶುಗರ್ ಕಮ್ಮಿ ಏರುತ್ತದೆ. ಅಮೆರಿಕದ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಶುಗರ್ ಇರುವವರಲ್ಲೇ ಈ ಕ್ರಮವನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ನಮ್ಮ ಮನೆಗಳಲ್ಲಿ ಇದು ಹೊಸ ಅಡಿಗೆಯನ್ನೇನೂ ಕೇಳುವುದಿಲ್ಲ. ಬಸಳೆಯೋ ಹರಿವೆಯೋ ಒಂದು ಬಟ್ಟಲು ಮೊದಲು ಖಾಲಿ ಮಾಡಿ. ಆಮೇಲೆ ಬಂಗಡೆ ಅಥವಾ ತಾರ್ಲೆ. ಮೀನು ತಿನ್ನದವರಿಗೆ ಕಾಳಿನ ಹುಳಿ, ಮಜ್ಜಿಗೆ. ಐದು-ಹತ್ತು ನಿಮಿಷ ಕಳೆದ ಮೇಲೆ ಅನ್ನ, ಅಳೆದ ಎರಡು ಸೌಟು. ತಂಬುಳಿ, ಅಪ್ಪೆಹುಳಿ (ಹುಳಿ ಮಾವಿನಕಾಯಿಯ ತೆಳು ಸಾರು) ಅನ್ನದ ಜೊತೆ ಧಾರಾಳವಾಗಿ ಬರಲಿ. ಅಪ್ಪೆಹುಳಿಗೆ ಬೆಲ್ಲ ಬೀಳದಿರಲಿ.

ಕುಚಲಕ್ಕಿ ಬಗ್ಗೆ ಒಂದು ಮಾತು. ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಅದು ಸಾಮಾನ್ಯವಾಗಿ ನಿಧಾನ ಏರಿಸುತ್ತದೆ, ನಿಜ. ಆದರೆ "ಕುಚಲಕ್ಕಿ ಗಂಜಿ ಎಷ್ಟು ಉಂಡ್ರೂ ಎಂತ ಆಗುದಿಲ್ಲ" ಅನ್ನುವುದು ಸುಳ್ಳು. ಒಂದು ಕಪ್ ಬೆಂದ ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟ ಇರುತ್ತದೆ, ಅಕ್ಕಿ ಯಾವುದಾದರೂ. ಅದರ ಮೇಲೆ, ಕರಗುವ ಹಾಗೆ ಬೇಯಿಸಿದ ಬಿಸಿ ಗಂಜಿ ಅಗಿಯದೆ ಹೊಟ್ಟೆಗೆ ಇಳಿಯುತ್ತದೆ, ಬೇಗ ಏರಿಸುತ್ತದೆ. ಗಂಜಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಗುಳು ಇಡಿಯಾಗಿ ಉಳಿಯುವ ಹಾಗೆ ಬೇಯಿಸಿ, ಒಂದು ಬಟ್ಟಲಿಗೆ ನಿಲ್ಲಿಸಿ, ಜೊತೆಗೆ ಬರಿ ಉಪ್ಪಿನಕಾಯಿಯಲ್ಲ, ಮೀನೋ ಕಾಳೋ ಇರಲಿ.

ಊಟ ಆದ ಮೇಲೆ ಮಲಗಬೇಡಿ. ಹತ್ತು ನಿಮಿಷ ನಡೆಯಿರಿ. ಅಂಗಳ ಸಾಕು, ತೋಟದ ದಾರಿ ಸಾಕು. ಮಳೆ ಇದ್ದರೆ ಜಗಲಿಯ ಮೇಲೆ ಅಡ್ಡಾಡಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್ 2 ಇರುವವರಲ್ಲಿ ನೋಡಿದಾಗ, ದಿನದಲ್ಲಿ ಯಾವಾಗಲೋ ಒಂದೇ ಸಲ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ಮೇಲೆ 10 ನಿಮಿಷ ನಡೆಯುವುದೇ ಊಟದ ನಂತರದ ಶುಗರನ್ನು ಜಾಸ್ತಿ ಇಳಿಸಿತ್ತು. ರಾತ್ರಿ ಊಟದ ಮೇಲೆ ಲಾಭ ಇನ್ನೂ ಜಾಸ್ತಿ.

## ಹಂತ 5: ಸಂಜೆ ನಾಲ್ಕರ ಚಾ

ಒಂದೇ ಸಲ ಕುಡಿಯಿರಿ, ಒಂದೇ ಸಲ ತಿನ್ನಿ. ನಾಲ್ಕಕ್ಕೆ ಖಾರಾ, ಐದಕ್ಕೆ ಅವಲಕ್ಕಿ, ಆರಕ್ಕೆ ಬಾಳೆಹಣ್ಣು ಅಂತ ಎಳೆದರೆ ಶುಗರಿಗೆ ಇಳಿಯಲು ಪುರುಸೊತ್ತೇ ಇರುವುದಿಲ್ಲ. ಹಣ್ಣು ತಿನ್ನುವುದಾದರೆ ಈ ಹೊತ್ತಿಗೆ, ಅನ್ನ ಉಂಡ ಬೆನ್ನಿಗೆ ಬೇಡ. ಹಲಸಿನ ತೊಳೆ ಮೂರು. ಅಂಕೋಲೆಯ ಕರಿ ಇಶಾಡ ಮಾವು ಬಂದಾಗ ಅರ್ಧ ಹಣ್ಣು. ಅದನ್ನು ಜ್ಯೂಸ್ ಮಾಡಬೇಡಿ, ಹಾಗೇ ತಿನ್ನಿ.

## ಹಂತ 6: ರಾತ್ರಿ ಊಟವನ್ನು ಮುಂಚೆಗೆ ತನ್ನಿ

ಬೆಳಗಿನ ಶುಗರ್ ಕಾಡುವವರ ಹೆಚ್ಚಿನ ಸಮಸ್ಯೆ ಇಲ್ಲಿದೆ.

ರಾತ್ರಿ ತಡವಾದಂತೆ ನಮ್ಮ ದೇಹದ ಇನ್ಸುಲಿನ್ ಕೆಲಸ ಸೋಮಾರಿಯಾಗುತ್ತದೆ. ಬೆಳಿಗ್ಗೆ 8ಕ್ಕೆ ಉಂಡ ಎರಡು ಸೌಟು ಅನ್ನ ರಾತ್ರಿ 10ಕ್ಕೆ ಉಂಡರೆ ಜಾಸ್ತಿ ಏರುತ್ತದೆ, ಇಳಿಯುವುದೂ ತಡ. ಅದರ ಮೇಲೆ ತಕ್ಷಣ ಮಲಗಿದರೆ ಮೈಯ ಸ್ನಾಯುಗಳಿಗೂ ಕೆಲಸ ಇಲ್ಲ.

ಗುರಿ: ಊಟ 7.30ರಿಂದ 8ರ ಒಳಗೆ, ಹಾಸಿಗೆಗೆ ಎರಡು-ಮೂರು ಗಂಟೆ ಮುಂಚೆ. ಆದರೆ ಒಂದೇ ದಿನದಲ್ಲಿ 10ರಿಂದ 7.30ಕ್ಕೆ ಹಾರಬೇಡಿ. ನಾಲ್ಕು ದಿನಕ್ಕೊಮ್ಮೆ 20 ನಿಮಿಷ ಮುಂಚೆ ತನ್ನಿ. ತಿಂಗಳ ಕೊನೆಗೆ ಸೇರಿಕೊಳ್ಳುತ್ತೀರಿ. ಮನೆಯವರೆಲ್ಲ ಒಟ್ಟಿಗೆ ಉಣ್ಣುವ ಮನೆಯಾದರೆ ಎಲ್ಲರೂ ಬದಲಾಗಬೇಕಿಲ್ಲ. ಶುಗರ್ ಇರುವ ಆಯಿಗೆ (ಅಮ್ಮನಿಗೆ) ಮೊದಲು ಬಡಿಸಿ, ಉಳಿದವರು ಉಣ್ಣುವಾಗ ಆಯಿ ಒಂದು ಲೋಟ ಮಜ್ಜಿಗೆ ಹಿಡಿದು ಜೊತೆಗೆ ಕೂರಲಿ. ಒಟ್ಟಿಗೆ ಕೂರುವ ಸಂತೋಷ ತಪ್ಪಬಾರದು. ಎಲ್ಲರೂ ಉಂಡ ಮೇಲೆ ತಾನು ಉಣ್ಣುವ ಹೆಂಗಸರ ಅಭ್ಯಾಸ ಇದೆಯಲ್ಲ, ಶುಗರ್ ಇರುವ ತಾಯಂದಿರಿಗೆ ಅದೇ ದೊಡ್ಡ ಶತ್ರು. ಮನೆಯ ಗಂಡಸರು ಈ ಸಾಲನ್ನು ದಯವಿಟ್ಟು ಎರಡು ಸಲ ಓದಿ.

ಇಲ್ಲಿ ಎರಡು ಅಪಾಯ ಇವೆ.

ಮೊದಲನೆಯದು, ಊಟ ಮುಂಚೆ ಬಂದಾಗ ಊಟಕ್ಕೆ ಕಟ್ಟಿದ ಮಾತ್ರೆ, ಇನ್ಸುಲಿನ್ ಕೂಡ ಅದರ ಜೊತೆ ಬರಬೇಕು. ಎರಡನೆಯದು, ಊಟದಿಂದ ಮರುದಿನದ ತಿಂಡಿಗೆ ಈಗ 12 ಗಂಟೆ ಆಗಬಹುದು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಗುಂಪಿನ ಮಾತ್ರೆ ಇರುವವರು ಬದಲಾವಣೆಯ ದಿನಗಳಲ್ಲಿ ಮಲಗುವ ಮುಂಚೆ ಶುಗರ್ ನೋಡಲೇಬೇಕು. 100ಕ್ಕಿಂತ ಕಮ್ಮಿ ಇದ್ದರೆ ಒಂದು ಲೋಟ ಹಾಲು ಅಥವಾ ಅರ್ಧ ಚಪಾತಿ ತಿಂದು ಮಲಗಿ, ಮರುದಿನ ಡಾಕ್ಟರಿಗೆ ಹೇಳಿ. ತಲೆದಿಂಬು ಬೆವರಿನಿಂದ ಒದ್ದೆ, ಕೆಟ್ಟ ಕನಸು, ಎದ್ದಾಗ ತಲೆನೋವು. ಇವು ರಾತ್ರಿ ಶುಗರ್ ಬಿದ್ದದ್ದರ ಗುರುತಾಗಿರಬಹುದು.

ರಾತ್ರಿ ಊಟವನ್ನೇ ಬಿಟ್ಟುಬಿಟ್ಟೆ, ಆದರೂ ಬೆಳಿಗ್ಗೆ 170 ಅನ್ನುವವರಿದ್ದಾರೆ. ಬೆಳಗಿನ ಜಾವ ದೇಹ ಎಚ್ಚರವಾಗಲು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ, ಆಗ ಪಿತ್ತಜನಕಾಂಗ ತಾನೇ ಸಕ್ಕರೆ ಹೊರಗೆ ಹಾಕುತ್ತದೆ. ಊಟ ಬಿಟ್ಟರೆ ಅದು ನಿಲ್ಲುವುದಿಲ್ಲ. ಕಾರಣ ಹುಡುಕಲು ಒಂದು ರಾತ್ರಿ ಮೂರು ಸಲ ನೋಡಿ: ಮಲಗುವಾಗ, 3 ಗಂಟೆಗೆ, ಎದ್ದಾಗ. ಮಲಗುವಾಗಲೇ 200 ಇದ್ದರೆ ತಪ್ಪು ರಾತ್ರಿ ಊಟದ್ದು. ಮಲಗುವಾಗ, 3ಕ್ಕೆ ಎರಡೂ ಸರಿ ಇದ್ದು ಬೆಳಿಗ್ಗೆ ಮಾತ್ರ ಏರಿದ್ದರೆ ಅದು ಬೆಳಗಿನ ಜಾವದ ಏರಿಕೆ, ಔಷಧಿಯನ್ನು ಡಾಕ್ಟರ್ ನೋಡಬೇಕು. 3ಕ್ಕೆ 70ಕ್ಕಿಂತ ಕಮ್ಮಿ ಇದ್ದರೆ ಆಗಲೇ ಸಕ್ಕರೆ ತಗೊಳ್ಳಿ, ಬೆಳಗಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

## ಹಂತ 7: ಜೋಡಿ ಪರೀಕ್ಷೆ

ಬರಿ ಬೆಳಗಿನ ಶುಗರ್ ನೋಡಿದರೆ ಊಟದ ಹೊತ್ತು ಸರಿಯಾಯಿತೋ ಇಲ್ಲವೋ ತಿಳಿಯುವುದಿಲ್ಲ. ಒಂದು ಊಟಕ್ಕೆ ಎರಡು ಸ್ಟ್ರಿಪ್: ಉಣ್ಣುವ ಮುಂಚೆ ಒಂದು, ಎರಡು ಗಂಟೆ ಆದ ಮೇಲೆ ಒಂದು. ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿಂದಲ್ಲ. ಮೊದಲ ತುತ್ತಿಗೇ ಅಲಾರಾಂ ಇಡಿ.

ಸ್ಟ್ರಿಪ್ ಅಗ್ಗ ಅಲ್ಲ ಅಂತ ನನಗೂ ಗೊತ್ತು. ಅದಕ್ಕೆ ದಿನಾ ಎಲ್ಲ ಊಟ ನೋಡಬೇಡಿ. ಸೋಮವಾರ ತಿಂಡಿ, ಬುಧವಾರ ಮಧ್ಯಾಹ್ನ, ಶುಕ್ರವಾರ ರಾತ್ರಿ. ವಾರಕ್ಕೆ ಆರು ಸ್ಟ್ರಿಪ್. ಸಾಮಾನ್ಯವಾಗಿ ದೊಡ್ಡವರಿಗೆ ಊಟದ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ ಅನ್ನುವುದು ಗುರಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರ್ ಗುರಿ ಸಡಿಲ ಮಾಡಿರುತ್ತಾರೆ. ನಾನು ಎರಡು ಸಂಖ್ಯೆಗಳ ನಡುವಿನ ಏರಿಕೆಯನ್ನೂ ನೋಡುತ್ತೇನೆ. 60ಕ್ಕಿಂತ ಜಾಸ್ತಿ ಏರಿದ್ದರೆ ಆ ಊಟದ ಅನ್ನ ಒಂದು ಸೌಟು ಕಮ್ಮಿ ಮಾಡಿಸಿ, ಮುಂದಿನ ವಾರ ಅದೇ ಊಟವನ್ನು ಮತ್ತೆ ಅಳೆಸುತ್ತೇನೆ. ಒಂದು ವಾರಕ್ಕೆ ಒಂದೇ ಬದಲಾವಣೆ.

ಹಲವು ವರ್ಷದಿಂದ ಶುಗರ್ ಇರುವವರಲ್ಲಿ ವಿಚಿತ್ರವೊಂದು ಕಾಣಬಹುದು. ಊಟ ಆದ ಕೂಡಲೇ ಶುಗರ್ ಇಳಿದು, ನಾಲ್ಕು ಗಂಟೆ ಬಿಟ್ಟು ಏರುವುದು, ಜೊತೆಗೆ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ವಾಂತಿ ಬಂದ ಹಾಗೆ ಆಗುವುದು. ಹೊಟ್ಟೆ ಖಾಲಿಯಾಗುವುದೇ ನಿಧಾನವಾಗಿರಬಹುದು. ಅದನ್ನು ಊಟದ ಗಂಟೆ ಬದಲಿಸಿ ಸರಿ ಮಾಡಲು ಆಗುವುದಿಲ್ಲ, ಡಾಕ್ಟರಿಗೆ ತೋರಿಸಿ.

## ಹಂತ 8: ಹೊತ್ತು ತಪ್ಪುವ ದಿನಗಳಿಗೆ ಮೊದಲೇ ತಯಾರಿ

ಸಂಕಷ್ಟಿ. ನನ್ನ ಆಯಿಯ ವಿಷಯ ಹೇಳುತ್ತೇನೆ. ಇಡಗುಂಜಿಗೆ ಹೋಗಿ ಬಂದ ಸಂಕಷ್ಟಿಯ ದಿನ. ಬೆಳಿಗ್ಗೆ ಅಭ್ಯಾಸಬಲದಲ್ಲಿ ಗ್ಲಿಮಿಪಿರೈಡ್ ನುಂಗಿದ್ದಳು, ತಿಂದದ್ದು ಒಂದು ಬಾಳೆಹಣ್ಣು. ಸಂಜೆ 7ಕ್ಕೆ ದೀಪ ಹಚ್ಚಲು ಬತ್ತಿ ಹೊಸೆಯುತ್ತಿದ್ದಳು. ಬತ್ತಿ ಬೆರಳಿನಿಂದ ಜಾರುತ್ತಿತ್ತು, ಮತ್ತೆ ಮತ್ತೆ ಅದನ್ನೇ ಹೊಸೆಯುತ್ತಿದ್ದಳು. "ಎಂತ ಆತು ಆಯಿ?" ಅಂದರೆ ನನ್ನ ಮುಖ ನೋಡಿ, "ಚಂದ್ರ ಬಂದ್ನ?" ಅಂತ ಮೂರು ಸಲ ಕೇಳಿದಳು. ಕುತ್ತಿಗೆ ಬೆವರಿ ತಣ್ಣಗಾಗಿತ್ತು. ಮೀಟರಿನಲ್ಲಿ 48. ಊರಿಗೆಲ್ಲ ಹೇಳುವ ನಾನು ಬೆಳಿಗ್ಗೆ ಮನೆಯಲ್ಲಿ ಕೇಳಿರಲಿಲ್ಲ. ಆ ತಪ್ಪು ನನ್ನದು.

ಆದ್ದರಿಂದ ಉಪವಾಸದ ಎರಡು ದಿನ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ: ಆವತ್ತು ಯಾವ ಮಾತ್ರೆ, ಎಷ್ಟು, ಯಾವಾಗ? ಮಧ್ಯಾಹ್ನ, ಸಂಜೆ ಶುಗರ್ ನೋಡಿ. 70ಕ್ಕಿಂತ ಕಮ್ಮಿ ಅಥವಾ 300ಕ್ಕಿಂತ ಜಾಸ್ತಿ ಬಂದರೆ ಉಪವಾಸ ಅಲ್ಲಿಗೆ ಮುಗಿಸಿ. ಸಾಬಕ್ಕಿ ಉಪವಾಸದ ತಿಂಡಿಯಾದರೂ ಪೂರ್ತಿ ಪಿಷ್ಟ, ಒಂದು ಬಟ್ಟಲೇ ಶುಗರ್ ಮೇಲೆ ಒಯ್ಯುತ್ತದೆ. ಚಂದ್ರದರ್ಶನ ಆದ ಮೇಲೆ ದಿನವಿಡೀ ಬಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಉಣ್ಣಬೇಡಿ.

ರಮ್ಜಾನ್. ಭಟ್ಕಳ ಕಡೆಯಿಂದ ಬರುವವರಿಗೆ ನಾನು ಹೇಳುವುದು: ಆರು-ಎಂಟು ವಾರ ಮುಂಚೆ ಡಾಕ್ಟರನ್ನು ಕಾಣಿ. ಮಾತ್ರೆಗಳನ್ನು ಸಹರಿ (ನಸುಕಿನ ಊಟ), ಇಫ್ತಾರ್ (ಸಂಜೆ ಉಪವಾಸ ಬಿಡುವ ಊಟ) ಹೊತ್ತಿಗೆ ಹೊಂದಿಸಲು ಸಮಯ ಬೇಕು. ಸಹರಿ ತಪ್ಪಿಸಬೇಡಿ, ಆದಷ್ಟು ತಡವಾಗಿ ಮಾಡಿ. 70, 300ರ ಲೆಕ್ಕ ಇಲ್ಲೂ ಅದೇ.

ದೋಣಿ. ಮಾತ್ರೆ ನಸುಕಿಗೆ ಬೇಡ. ಗಂಜಿಯನ್ನೋ ಚಪಾತಿ-ಮೊಟ್ಟೆಯನ್ನೋ ಡಬ್ಬಿಯಲ್ಲಿ ಒಯ್ದು, ಅದನ್ನು ಬಿಚ್ಚುವಾಗ ಮಾತ್ರೆ. ಹೊರಡುವ ಮುಂಚೆ ಏನಾದರೂ ಸ್ವಲ್ಪ ತಿನ್ನಿ. ಗ್ಲೂಕೋಸ್ ಪುಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಜೇಬಿಗೆ, ಜೊತೆಯವರಿಗೂ ಹೇಳಿಡಿ. ತದಡಿಯ ಆ ಮೀನುಗಾರರಿಗೆ ಡಾಕ್ಟರ್ ಇಷ್ಟೇ ಬದಲಾಯಿಸಿದ್ದು. ಮಾತ್ರೆ ಅದೇ, ಡೋಸ್ ಅದೇ. ಕೈನಡುಕ ನಿಂತಿತು.

ಅಡಿಕೆ ಸುಲಿಯುವ ಕಾಲ, ಯಕ್ಷಗಾನದ ಆಟ ನೋಡುವ ರಾತ್ರಿ. ನಿದ್ದೆಗೆಟ್ಟು ಕೂರುವಾಗ ಚಾ, ಬಜ್ಜಿ ಬರುತ್ತಲೇ ಇರುತ್ತದೆ. ರಾತ್ರಿ ಊಟವನ್ನು ದಿನದ ಗಂಟೆಗೇ ಮುಗಿಸಿ ಹೋಗಿ. ನಡುರಾತ್ರಿ ಹಸಿವಾದರೆ ಒಂದು ಮುಷ್ಟಿ ಹುರಿದ ಶೇಂಗಾ.

ಮದುವೆ ಮನೆ. ಊಟದ ಪಂಕ್ತಿ 2.30ಕ್ಕೆ ಕೂರುತ್ತದೆ ಅಂತ ಗೊತ್ತಿದ್ದೂ ಮನೆಯಿಂದ 12ಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಹೊರಡಬೇಡಿ. ಚೀಲದಲ್ಲಿ ಒಯ್ಯಿರಿ, ಎಲೆ ಹಾಕುವ ಹೊತ್ತು ನೋಡಿಕೊಂಡು, ನಿಮ್ಮ ಇನ್ಸುಲಿನ್‌ನ ನಿಮಿಷದ ಲೆಕ್ಕಕ್ಕೆ ಚುಚ್ಚಿ.

ಪ್ರಯಾಣ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಎರಡು ಗಂಟೆ ನಾಲ್ಕು ಗಂಟೆ ಆಗಬಹುದು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ಒಂದು ಊಟ, ಒಂದು ದಿನದ ಔಷಧಿ, ಗ್ಲೂಕೋಸ್ ಇಲ್ಲದೆ ಬಸ್ ಹತ್ತಬೇಡಿ.

## ಶುಗರ್ ಬಿದ್ದಾಗ ಮಾಡಬೇಕಾದ್ದು

ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ತಡೆಯಲಾರದ ಹಸಿವು, ಸುಮ್ಮಸುಮ್ಮನೆ ಸಿಟ್ಟು, ಮಾತು ತಡವರಿಸುವುದು. ಬಿಪಿಗೆ ಕೆಲವು ಬಗೆಯ ಮಾತ್ರೆ ತಗೊಳ್ಳುವವರಿಗೆ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು. ಅವರು ಬೆವರನ್ನು ಗಮನಿಸಬೇಕು.

1. ಮೀಟರ್ ಹತ್ತಿರವಿದ್ದರೆ ನೋಡಿ. 70ಕ್ಕಿಂತ ಕಮ್ಮಿ ಇದ್ದರೆ, ಅಥವಾ ಮೀಟರ್ ಸಿಗದಿದ್ದರೆ, ಕಾಯದೆ ಮುಂದಿನದ್ದು ಮಾಡಿ.
2. ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅರ್ಧ ಲೋಟ ನೀರಿನಲ್ಲಿ. ಜೋನಿ ಬೆಲ್ಲ ಒಂದು ದೊಡ್ಡ ಚಮಚ ಆದರೂ ಆಗುತ್ತದೆ. ಚಾಕಲೇಟು, ಪೇಡೆ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ವೋಗ್ಲಿಬೋಸ್, ಅಕಾರ್ಬೋಸ್ ತಗೊಳ್ಳುವವರಿಗೆ ಗ್ಲೂಕೋಸೇ ಬೇಕು, ಮನೆಯ ಸಕ್ಕರೆ, ಬೆಲ್ಲ ಅವರಲ್ಲಿ ನಿಧಾನ.
3. 15 ನಿಮಿಷ ಕೂತಿರಿ. ಮತ್ತೆ ನೋಡಿ. ಇನ್ನೂ 70ಕ್ಕಿಂತ ಕಮ್ಮಿ ಇದ್ದರೆ ಮತ್ತೆ ಅಷ್ಟೇ ಕೊಡಿ.
4. ಸರಿಯಾದ ಮೇಲೆ, ಮುಂದಿನ ಊಟ ಒಂದು ಗಂಟೆಗಿಂತ ದೂರ ಇದ್ದರೆ ಏನಾದರೂ ತಿನ್ನಿ.
5. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಆಯಿಗೆ ಆವತ್ತು ಎರಡು ಸಲ ಕೊಡಬೇಕಾಯಿತು. ಅರ್ಧ ಗಂಟೆ ಬಿಟ್ಟು 96 ಬಂತು. ಗ್ಲಿಮಿಪಿರೈಡ್‌ನಿಂದ ಬಿದ್ದ ಶುಗರ್ ಒಮ್ಮೆ ಏರಿ ಮತ್ತೆ ಬೀಳಬಹುದು. ಅದಕ್ಕೇ ಊಟ ಮಾಡಿಸಿ, ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ರಾತ್ರಿ ಎರಡು ಸಲ ಎದ್ದು ನೋಡಿದೆ. ಮಾತ್ರೆ ಎಷ್ಟಕ್ಕೆ, ಕೊನೆಯ ತುತ್ತು ಎಷ್ಟಕ್ಕೆ, ಬಿದ್ದದ್ದು ಎಷ್ಟಕ್ಕೆ ಅಂತ ಮೂರು ಸಾಲು ಡೈರಿಯಲ್ಲಿ ಬರೆದು ಮರುದಿನ ಆ ಪುಟವನ್ನೇ ಡಾಕ್ಟರಿಗೆ ತೋರಿಸಿದೆ. ನೀವೂ ಆ ಮೂರು ಸಾಲು ಬರೆದುಕೊಂಡೇ ಹೋಗಿ.